ಹೋಬಳಿ ಮಟ್ಟದ ವಿಷಯ ಶಿಕ್ಷಕರ ಸಭೆ: ಮೂರು ತಾಸಿನಲ್ಲಿ ಏನು ಮಾಡಿದರೆ ಸೋಮವಾರದ ಪಾಠಕ್ಕೆ ಬರುತ್ತದೆ?

ಗಣಿತ ಶಿಕ್ಷಕ, ಲಿಂಗಸೂಗೂರು ತಾಲ್ಲೂಕು

ಗುರುಗಳೇ, ನಮ್ಮ ಹೋಬಳಿಯ ಪ್ರೌಢಶಾಲೆಗಳ ಮತ್ತು 6ರಿಂದ 8ನೇ ತರಗತಿ ಇರುವ ಹಿರಿಯ ಪ್ರಾಥಮಿಕ ಶಾಲೆಗಳ ಶಿಕ್ಷಕರು ತಿಂಗಳಿಗೊಂದು ಶನಿವಾರ ಕೂಡಬೇಕೆಂದು ಮಾತಾಗಿದೆ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರೂ ವಿಷಯದವರು ಬರುತ್ತಾರೆ. ಬೆಳಗಿನ ಶಾಲೆ ಮುಗಿಸಿ ಬಂದರೆ ಮೂರು ತಾಸು ಸಿಗುತ್ತದೆ. ಸುತ್ತೋಲೆ ಓದುವುದು, ನಮೂನೆ ತುಂಬುವುದು, ಒಬ್ಬರು ಪಿಪಿಟಿ ಓದಿ ಉಳಿದವರು ಕೇಳುವುದು, ಈ ಮೂರೂ ಬೇಡ ಎಂಬುದಕ್ಕೆ ಎಲ್ಲರೂ ಒಪ್ಪಿದ್ದಾರೆ. ಅದರ ಬದಲು ಏನು ಎಂದರೆ ಮಾತ್ರ ತಲೆಗೊಂದು ಅಭಿಪ್ರಾಯ. ಸಮಯ ಹೇಗೆ ಹಂಚಬೇಕು, ಏನು ತರಲು ಹೇಳಬೇಕು, ಎಲ್ಲಿ ದಾರಿ ತಪ್ಪುತ್ತದೆ? ತಿಳಿದವರು ವಿವರವಾಗಿ ಬರೆಯಿರಿ.

ಸಂಪನ್ಮೂಲ ವ್ಯಕ್ತಿ (ಗಣಿತ), ಕೊಪ್ಪಳ

ಮಕ್ಕಳ ಉತ್ತರದಿಂದ ಶುರು ಮಾಡಿ. ಬೇರೆ ಎಲ್ಲಿಂದ ಶುರು ಮಾಡಿದರೂ ಮಾತು ಅರ್ಧ ತಾಸಿನಲ್ಲಿ ‘ಈಗಿನ ಮಕ್ಕಳು ಓದುವುದಿಲ್ಲ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಸಭೆಗೆ ಒಂದು ವಾರ ಮೊದಲು ಎಲ್ಲ ಶಾಲೆಗಳಲ್ಲೂ ಒಂದೇ ಪ್ರಶ್ನೆ ಕೊಡಿಸಿ. ಚಿಕ್ಕ ಪ್ರಶ್ನೆ ಇರಲಿ, ಬಹು ಆಯ್ಕೆಯದು ಬೇಡ. ಆಯ್ಕೆಯ ಅಕ್ಷರ ನೋಡಿದರೆ ಮಗು ಹೇಗೆ ಯೋಚಿಸಿತು ಎಂಬುದು ಕಾಣುವುದಿಲ್ಲ. ಉದಾಹರಣೆಗೆ 9ನೇ ತರಗತಿಗೆ: ‘(ಎ + 3)² ವಿಸ್ತರಿಸಿ, ಹೇಗೆ ಬಂತೆಂದು ಒಂದು ಸಾಲು ಬರೆಯಿರಿ.’ ಪ್ರತಿ ಶಿಕ್ಷಕರೂ ಸುಮ್ಮನೆ ಕೈಗೆ ಸಿಕ್ಕ 10 ಹಾಳೆ ತರಲಿ. ಆರಿಸಿ ತಂದರೆ ಚೆನ್ನಾಗಿ ಬರೆದವೇ ಬರುತ್ತವೆ.

ಸಭೆಯಲ್ಲಿ ಮೊದಲ 20 ನಿಮಿಷ ಮಾತಿಲ್ಲ. ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರವಿ, ಒಂದೇ ರೀತಿ ಯೋಚಿಸಿದವನ್ನು ಒಂದೊಂದು ಗುಂಪು ಮಾಡಿ. ಈ ಪ್ರಶ್ನೆಗೆ ಸಾಮಾನ್ಯವಾಗಿ ನಾಲ್ಕು ಗುಂಪು ಬೀಳುತ್ತವೆ:

ಎ² + 6ಎ + 9 (ಸರಿ)
ಎ² + 9
ಎ² + 3ಎ + 9
2ಎ + 6

ಮುಂದಿನ 20 ನಿಮಿಷದಲ್ಲಿ ಪ್ರತಿ ತಪ್ಪು ಗುಂಪಿಗೂ ಮಗುವಿನ ತರ್ಕವನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ‘ಲಕ್ಷ್ಯ ಇಲ್ಲ’, ‘ಅಭ್ಯಾಸ ಸಾಲದು’ ಎಂದು ಬರೆಯಲು ಬಿಡಬೇಡಿ. ಎ² + 9 ಬರೆದ ಮಗುವಿಗೆ ಲಕ್ಷ್ಯ ಇದೆ. (3ಎ)² ಎಂದರೆ 9ಎ² ಎಂದು ಮೊದಲು ಕಲಿತಿದೆ, ಗುಣಾಕಾರಕ್ಕೆ ನಡೆಯುವ ನಿಯಮವನ್ನು ಸಂಕಲನಕ್ಕೂ ಹಚ್ಚಿದೆ. ಎ² + 3ಎ + 9 ಬರೆದ ಮಗು ಅಡ್ಡ ಗುಣಾಕಾರ ನಡೆಯುತ್ತದೆ ಎಂಬುದನ್ನು ಗುರುತಿಸಿದೆ, ಅದು ಎರಡು ಸಲ ಬರುತ್ತದೆ ಎಂಬುದನ್ನು ಬಿಟ್ಟಿದೆ. 2ಎ + 6 ಬರೆದ ಮಗುವಿಗೆ ವರ್ಗವೆಂದರೆ ಎರಡು ಪಟ್ಟು. ಮೂರೂ ಬೇರೆ ಬೇರೆ ತೊಡಕು, ಮೂರಕ್ಕೂ ಸೂತ್ರವನ್ನು ಹತ್ತು ಸಲ ಬರೆಸುವುದು ಮದ್ದಲ್ಲ.

ಎ² + 9 ಗುಂಪಿಗೆ ಎ = 1 ಹಾಕಿ ನೋಡಲು ಹೇಳಿ. ಎಡಗಡೆ 16, ಬಲಗಡೆ 10. ತಪ್ಪಿದೆ ಎಂದು ಮಗುವೇ ಕಂಡುಕೊಳ್ಳುತ್ತದೆ. ಎ² + 3ಎ + 9 ಗುಂಪಿಗೆ ಚೌಕುಳಿ ಹಾಳೆಯಲ್ಲಿ ಬಾಹು ಎ + 3 ಇರುವ ಚೌಕ ಬರೆಸಿ, ನಾಲ್ಕು ತುಂಡು ಕತ್ತರಿಸಲು ಹೇಳಿ: ಒಂದು ಎ², ಎರಡು 3ಎ, ಒಂದು 9. ಬಿಟ್ಟುಹೋದ 3ಎ ಪಟ್ಟಿ ಕೈಗೇ ಸಿಗುತ್ತದೆ. ಇಲ್ಲೊಂದು ಎಚ್ಚರಿಕೆ: ಎ ಉದ್ದವನ್ನು ಸರಿಯಾಗಿ 5 ಮನೆ, 6 ಮನೆ ಎಂದು ತೆಗೆದುಕೊಂಡರೆ ಮಕ್ಕಳು ಮನೆ ಎಣಿಸಿ 64, 81 ಎಂದು ಹೇಳಿ ಮುಗಿಸುತ್ತಾರೆ. ಮನೆಗಳ ಗೆರೆಗೆ ಸೇರದ ಉದ್ದ ತೆಗೆದುಕೊಳ್ಳಿ. 2ಎ + 6 ಗುಂಪಿನವರು ಬೀಜಗಣಿತ ಬಿಟ್ಟು 4² ಮತ್ತು 4 × 2 ಎರಡನ್ನೂ ಚುಕ್ಕಿ ಇಟ್ಟು ತೋರಿಸುವಲ್ಲಿಂದ ಬರಬೇಕು.

ಉಳಿದ ಸಮಯದಲ್ಲಿ ಒಂದೇ ಒಂದು ಅವಧಿಯ ಪಾಠ ಬರೆಯಿರಿ. ಕಪ್ಪು ಹಲಗೆಯ ಮೇಲೆ ಏನು, ಯಾವ ಕ್ರಮದಲ್ಲಿ ಬರುತ್ತದೆ, ಯಾವ ಪ್ರಶ್ನೆಯನ್ನು ಯಾವ ಶಬ್ದದಲ್ಲಿ ಕೇಳುತ್ತೀರಿ, ಮಕ್ಕಳು ಏನೇನು ಉತ್ತರ ಕೊಡಬಹುದು, ಅದಕ್ಕೆ ನಿಮ್ಮ ಮರುಪ್ರಶ್ನೆ ಏನು. ಒಬ್ಬರು ನಿಂತು ಮೊದಲ 10 ನಿಮಿಷದ ಪಾಠ ಮಾಡಲಿ, ಉಳಿದವರು ಆ ತಪ್ಪು ಉತ್ತರಗಳನ್ನೇ ಕೊಡಲಿ.

ವಿಜ್ಞಾನ ಶಿಕ್ಷಕಿ, ಗಂಗಾವತಿ

ಮೇಲಿನ ಸರ್ ಹೇಳಿದ್ದು ವಿಜ್ಞಾನಕ್ಕೂ ಹೊಂದುತ್ತದೆ. ಆದರೆ ನಮ್ಮಲ್ಲಿ ಇನ್ನೊಂದು ಕೆಲಸ ಇದೆ. ಪ್ರಯೋಗವನ್ನು ಶಿಕ್ಷಕರೇ ಕೂತು ಮಾಡಬೇಕು, ಕೆಡಿಸಿ ನೋಡಬೇಕು. ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿದವರಿಗೆ ಭೌತಶಾಸ್ತ್ರದ ಉಪಕರಣ ಮುಟ್ಟಲು ಹಿಂಜರಿಕೆ, ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿದವರಿಗೆ ಸೂಕ್ಷ್ಮದರ್ಶಕ ಎಂದರೆ ಹಿಂಜರಿಕೆ. ತರಗತಿಯ ಎದುರು ಅದು ಹೋಗುವುದಿಲ್ಲ. ಜೊತೆಯ ಶಿಕ್ಷಕರ ನಡುವೆ ಹೋಗುತ್ತದೆ.

10ನೇ ತರಗತಿಯ ವಿದ್ಯುಚ್ಛಕ್ತಿ ಪಾಠ ಹಿಡಿಯಿರಿ. ನಾಲ್ವರ ಒಂದು ಗುಂಪಿಗೆ 1.5 ವೋಲ್ಟಿನ ದೊಡ್ಡ ಟಾರ್ಚ್ ಸೆಲ್ 2, ಹೋಲ್ಡರ್ ಸಮೇತ 2.5 ವೋಲ್ಟಿನ ಟಾರ್ಚ್ ಬಲ್ಬ್ 3, ಸ್ವಿಚ್ 1, ಆರೇಳು ತುಂಡು ವೈರ್, ಒಂದು ಅಮ್ಮೀಟರ್. ಮೊದಲು ಚಿತ್ರ ಮಾತ್ರ ತೋರಿಸಿ ಕೇಳಿ: ಎರಡು ಬಲ್ಬ್ ಸರಣಿಯಲ್ಲಿವೆ, ಯಾವುದು ಹೆಚ್ಚು ಬೆಳಗುತ್ತದೆ? ಸೆಲ್‌ನ ಧನ ತುದಿಗೆ ಹತ್ತಿರ ಇರುವುದು ಎಂದು ಬಹಳ ಮಕ್ಕಳು ಹೇಳುತ್ತಾರೆ. ಮೊದಲ ಬಲ್ಬ್ ವಿದ್ಯುತ್ತನ್ನು ತಿಂದುಬಿಡುತ್ತದೆ, ಎರಡನೆಯದಕ್ಕೆ ಕಡಿಮೆ ಉಳಿಯುತ್ತದೆ ಎಂಬ ಲೆಕ್ಕ. ಊಹೆಯನ್ನು ಹಾಳೆಯಲ್ಲಿ ಬರೆಸಿದ ಮೇಲೇ ಸ್ವಿಚ್ ಒತ್ತಬೇಕು. ಬರೆಯದೆ ಇದ್ದರೆ ಫಲಿತಾಂಶ ಕಂಡ ಕೂಡಲೇ ‘ನಾನೂ ಹಂಗೇ ಅಂದಿದ್ದೆ’ ಅನ್ನುತ್ತಾರೆ. ಆಮೇಲೆ ಅಮ್ಮೀಟರನ್ನು ಬಲ್ಬ್‌ಗಳ ಮೊದಲು, ನಡುವೆ, ಕೊನೆಗೆ ಜೋಡಿಸಿ ಮೂರೂ ಓದು ಒಂದೇ ಎಂದು ಮಕ್ಕಳೇ ಬರೆದುಕೊಳ್ಳಲಿ.

ಕೆಡುವ ಜಾಗಗಳು ಇವು. ಬಲ್ಬ್‌ಗಳ ಗುರುತು ಬೇರೆ ಬೇರೆ ಇದ್ದರೆ ಸರಣಿಯಲ್ಲಿ ಒಂದು ಮಂದ, ಒಂದು ಪ್ರಕಾಶ ಆಗಿ ತಪ್ಪು ಕಲ್ಪನೆಯೇ ಗಟ್ಟಿಯಾಗುತ್ತದೆ. ಬಲ್ಬಿನ ಕತ್ತಿನ ಮೇಲೆ ಕೊರೆದಿರುವ ವೋಲ್ಟ್, ಆಂಪಿಯರ್ ಎರಡೂ ನೋಡಿ ಜೋಡಿ ಮಾಡಿ, ಸ್ಥಾನ ಅದಲುಬದಲು ಮಾಡಿಯೂ ತೋರಿಸಿ. ಅಗ್ಗಕ್ಕೆ ಸಿಗುತ್ತದೆಂದು ಎಲ್‌ಇಡಿ ತರಬೇಡಿ. ತಿರುಗಿಸಿ ಹಾಕಿದರೆ ಅದು ಹತ್ತುವುದಿಲ್ಲ, ಕೆಂಪು ಎಲ್‌ಇಡಿ ಒಂದಕ್ಕೇ ಸುಮಾರು 1.8 ವೋಲ್ಟ್ ಬೇಕಿರುವುದರಿಂದ ಎರಡನ್ನು ಸರಣಿಯಲ್ಲಿ 3 ವೋಲ್ಟಿಗೆ ಜೋಡಿಸಿದರೆ ಸರಿಯಾಗಿ ಬೆಳಗುವುದೇ ಇಲ್ಲ. ಸೆಲ್ ಹಳೆಯದಾಗಿದ್ದರೆ ಸಮಾಂತರ ಜೋಡಣೆಯಲ್ಲಿ ಎರಡನೇ ಬಲ್ಬ್ ಹಾಕಿದಾಗ ಮೊದಲನೆಯದೂ ಮಂಕಾಗುತ್ತದೆ, ಪಠ್ಯಪುಸ್ತಕ ಹೇಳಿದ್ದಕ್ಕೆ ಅದು ಹೊಂದುವುದಿಲ್ಲ. ಕಾರಣ ಸೆಲ್‌ನ ಒಳರೋಧ. ಅಮ್ಮೀಟರನ್ನು ಸಮಾಂತರವಾಗಿ ಜೋಡಿಸಿದರೆ ಅದರ ರೋಧ ತೀರ ಕಡಿಮೆ ಇರುವುದರಿಂದ ಭಾರಿ ಪ್ರವಾಹ ಹರಿದು ಮೀಟರ್ ಸುಡುತ್ತದೆ.

ವೋಲ್ಟ್ ಏರಿದ ಪ್ರಮಾಣದಲ್ಲೇ ಪ್ರವಾಹ ಏರುತ್ತದೆ ಎನ್ನುವ ಓಮ್ ನಿಯಮಕ್ಕೆ ನಿಕ್ರೋಮ್ (ನಿಕಲ್-ಕ್ರೋಮಿಯಂ ಮಿಶ್ರಲೋಹ) ತಂತಿಯೇ ಬೇಕು. ಬಲ್ಬ್ ಇಟ್ಟು ಗ್ರಾಫ್ ಎಳೆದರೆ ಗೆರೆ ಬಾಗುತ್ತದೆ, ಯಾಕೆಂದರೆ ಕಾದ ತಂತುವಿನ ರೋಧ ಏರುತ್ತದೆ. ನಿಕ್ರೋಮ್ ಇಟ್ಟರೂ ಸ್ವಿಚ್ ಒತ್ತಿ ಓದು ತೆಗೆದುಕೊಂಡು ತಕ್ಷಣ ಬಿಡಬೇಕು. ಇದನ್ನು ಶನಿವಾರ ಶಿಕ್ಷಕರು ಮಾಡಿ, ಬಾಗಿದ ಗೆರೆ ಮತ್ತು ನೇರ ಗೆರೆ ಎರಡನ್ನೂ ಎಳೆದು ಇಟ್ಟುಕೊಂಡರೆ ಪಾಠಕ್ಕೆ ಒಳ್ಳೆಯ ಪ್ರಶ್ನೆಯೂ ಸಿಕ್ಕಂತೆ.

ಹಿರಿಯ ಪ್ರಾಥಮಿಕ ಶಿಕ್ಷಕ, ಕುಷ್ಟಗಿ

ಮೇಡಂ, ಸರ್, ಕೇಳಾಕ ಛಲೋ ಐತಿ. ಆದ್ರ ಎರಡು ಮಾತು. ಹೈಸ್ಕೂಲಿನವ್ರಿಗೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ್ದ ಚಿಂತಿ. ಒಂಬತ್ತನೇ ಕ್ಲಾಸಿನ ಒಂದು ಲೆಕ್ಕದ ಮ್ಯಾಲ ಮೂರು ತಾಸು ಕುಂತ್ರ ನಮಗೇನ ಸಿಗತೈತಿ ಅಂತ ಕೇಳೋರು ಇದ್ದ ಇರ್ತಾರ. ಇನ್ನೊಂದು, ಹತ್ತಿ ಬಿಡಿಸೋ ಕಾಲಕ್ಕ, ಮೆಣಸಿನಕಾಯಿ ಹರಿಯೋ ಕಾಲಕ್ಕ ಹುಡುಗ್ರು ಹೊಲಕ್ಕ ಹೋಗತಾವು. ಆಗ ಹೊಸಾ ಪಾಠ ರೂಪಿಸಿ ಯಾರಿಗೆ ಮಾಡೂದು? ಸಭೆ ಯಾವ ತಿಂಗಳಾಗ ಏನು ಅಂತ ಮೊದಲ ಗೊತ್ತ ಮಾಡ್ರಿ.

ಸಂಪನ್ಮೂಲ ವ್ಯಕ್ತಿ (ಗಣಿತ), ಕೊಪ್ಪಳ

ಸರಿಯಾದ ಮಾತು. ಮೊದಲನೆಯದಕ್ಕೆ: ನಿರ್ದೇಶಾಂಕ ರೇಖಾಗಣಿತದಲ್ಲಿ ಒಂದು ಬಿಂದುವಿನ ನಿರ್ದೇಶಾಂಕ ಗೊತ್ತಿಲ್ಲದೆ ದೂರ ಕೊಟ್ಟಾಗ (ಎ – 3)² ವಿಸ್ತರಿಸದೆ ಮುಂದೆ ಹೋಗುವಂತಿಲ್ಲ. ಪೈಥಾಗೊರಸ್ ಪ್ರಮೇಯದಿಂದ ವರ್ಗ ಸಮೀಕರಣಕ್ಕೆ ಬರುವ ಲೆಕ್ಕದಲ್ಲೂ ಅದೇ. ಸೂತ್ರ ಸರಿಯಾಗಿ ಬರೆದು ಮೂರನೇ ಸಾಲಿಗೆ ಅಂಕ ಕಳೆದುಕೊಳ್ಳುವ ಮಕ್ಕಳ ಉತ್ತರಪತ್ರಿಕೆ ತೆಗೆದು ನೋಡಿ. 80 ಅಂಕದ ಪತ್ರಿಕೆಯಲ್ಲಿ ಇದೊಂದು ತೊಡಕು ಎಷ್ಟು ಪ್ರಶ್ನೆಗಳಲ್ಲಿ ಅಡ್ಡ ಬರುತ್ತದೆ ಎಂದು ಸಭೆಯಲ್ಲೇ ಎಣಿಸಿ, ಕೇಳುವವರಿಗೆ ಅದನ್ನೇ ತೋರಿಸಿ.

ಎರಡನೆಯದಕ್ಕೆ: ಜೂನ್‌ನಲ್ಲಿ ಸೇತುಬಂಧದ (ಹಿಂದಿನ ತರಗತಿಯ ಕಲಿಕೆ ಗಟ್ಟಿಮಾಡುವ ವರ್ಷಾರಂಭದ ಕಾರ್ಯಕ್ರಮ) ಪೂರ್ವ ಪರೀಕ್ಷೆಯ ಹಾಳೆಗಳನ್ನೇ ಗುಂಪು ಮಾಡಿ. ಅದಕ್ಕಾಗಿ ಬೇರೆ ಪ್ರಶ್ನೆ ಬೇಡ. ಹೊಸ ಪಾಠ ರೂಪಿಸುವ ಕೆಲಸ ಜುಲೈಯಿಂದ ನವೆಂಬರ್ ಒಳಗೆ ಮುಗಿಯಲಿ. ಡಿಸೆಂಬರ್, ಜನವರಿಯಲ್ಲಿ ಹಾಜರಾತಿ ಬಿದ್ದಾಗ ಪಾಠ ಬಿಟ್ಟು, ಬಿಟ್ಟುಹೋದ ಮಕ್ಕಳು ಮರಳಿ ಬಂದಾಗ ಕೊಡಬೇಕಾದ ಎರಡೆರಡು ಪುಟದ ಹಾಳೆ ತಯಾರಿಸಿ: ಒಂದು ಪರಿಕಲ್ಪನೆ, ಬಿಡಿಸಿದ ಲೆಕ್ಕ ಎರಡು, ಅರ್ಧ ಬಿಡಿಸಿದ್ದು ಎರಡು, ತಾವೇ ಮಾಡಬೇಕಾದದ್ದು ಮೂರು. ಅರ್ಧ ಬಿಡಿಸಿದ ಲೆಕ್ಕ ಬಿಟ್ಟು ನೇರವಾಗಿ ಅಭ್ಯಾಸಕ್ಕೆ ಹೋದರೆ ಹಾಳೆ ಖಾಲಿ ಬರುತ್ತದೆ. ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಇದ್ದೇ ಇರುತ್ತವೆ.

ಮುಖ್ಯೋಪಾಧ್ಯಾಯರು, ಸಿರುಗುಪ್ಪ ತಾಲ್ಲೂಕು

ಆಡಳಿತದ ಕಡೆಯಿಂದ ನಾಲ್ಕು ಮಾತು. ಪ್ರತಿ ತಿಂಗಳೂ ಪತ್ರ ಬರೆಯುವ ಬದಲು ಇಡೀ ವರ್ಷದ ದಿನಾಂಕಗಳ ಪಟ್ಟಿಯನ್ನು ಜೂನ್‌ನಲ್ಲೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಒಂದೇ ಅನುಮತಿ ತೆಗೆದುಕೊಳ್ಳಿ. ಪರೀಕ್ಷೆ, ಪ್ರತಿಭಾ ಕಾರಂಜಿ, ಕ್ರೀಡಾಕೂಟದ ಶನಿವಾರಗಳನ್ನು ಮೊದಲೇ ತೆಗೆದುಹಾಕಿ. ವಾರದ ದಿನ ಬೇರೆ ಶಾಲೆಯ ಪಾಠ ನೋಡಲು ಹೋಗುವುದಾದರೆ ಅನ್ಯ ಕಾರ್ಯ ನಿಮಿತ್ತದ ಆದೇಶ ಕೈಯಲ್ಲಿರಬೇಕು, ಹಾಜರಿ ಪುಸ್ತಕದಲ್ಲಿ ಅಂದೇ ನಮೂದಾಗಬೇಕು.

ಸ್ಥಳ ಸರದಿಯ ಮೇಲೆ ಬದಲಾಗುವುದು ನ್ಯಾಯ ಎನಿಸುತ್ತದೆ, ಆದರೆ ಬಸ್ಸಿಲ್ಲದ ಊರಿನಲ್ಲಿ ಇಟ್ಟರೆ ಅರ್ಧ ಜನ ತಡವಾಗಿ ಬಂದು ಉಳಿದರ್ಧ ಬೇಗ ಎದ್ದು ಹೋಗುತ್ತಾರೆ. ಮುಖ್ಯ ರಸ್ತೆಯ ಒಂದೇ ಶಾಲೆ ಇರಲಿ. ಉಪಕರಣ, ಚಾರ್ಟ್ ಅಲ್ಲೇ ಬೀರುವಿನಲ್ಲಿ ಉಳಿಯುತ್ತವೆ. ಬಂದವರಿಗೆ ಊಟದ ವ್ಯವಸ್ಥೆ ಆಗಲೇಬೇಕು. ಬೆಳಗಿನ ಶಾಲೆ ಮುಗಿಸಿ ಹಸಿದು ಬಂದವರಿಂದ ಒಳ್ಳೆಯ ಚರ್ಚೆ ಹುಟ್ಟುವುದಿಲ್ಲ.

ಅತಿಥಿ ಶಿಕ್ಷಕರನ್ನು ಹೊರಗಿಡಬೇಡಿ. ನಮ್ಮ ಭಾಗದಲ್ಲಿ ಎಷ್ಟೋ ಶಾಲೆಯ ಗಣಿತ, ವಿಜ್ಞಾನ ಅವರ ಕೈಯಲ್ಲೇ ಇದೆ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ತಾಸು ವೃತ್ತಿಪರ ಅಭಿವೃದ್ಧಿಯಲ್ಲಿ ತೊಡಗಬೇಕು ಎನ್ನುತ್ತದೆ. ಮೂರು ತಾಸಿನ ಎಂಟು ಸಭೆ ಎಂದರೆ 24 ತಾಸು. ಹಾಜರಾತಿ, ಒಂದು ಪುಟ ನಡಾವಳಿ, ರೂಪಿಸಿದ ಪಾಠ, ಇವನ್ನು ಕಡತದಲ್ಲಿಡಿ. ಫೋಟೊ ತೆಗೆಯುವುದಕ್ಕೆ ಸಭೆಯ ಸಮಯ ಕೊಡಬೇಡಿ.

ಸಮಾಜ ವಿಜ್ಞಾನ ಶಿಕ್ಷಕಿ, ಮಾನ್ವಿ

ನಮ್ಮ ವಿಷಯಕ್ಕೆ ಪ್ರಯೋಗಾಲಯ ಇಲ್ಲ ಎನ್ನುವವರಿಗೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿ ಇದೆ. ಅಲ್ಲಿನ ಅಶೋಕನ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಅದರಲ್ಲಿ ‘ದೇವಾನಂಪಿಯಸ ಅಸೋಕಸ’ (ದೇವರಿಗೆ ಪ್ರಿಯನಾದ ಅಶೋಕನ) ಎಂದಿದೆ. ಸಾಮಾನ್ಯವಾಗಿ ಪಾಠ ‘ಅಶೋಕನ ಹೆಸರಿರುವ ಶಾಸನ ಮಸ್ಕಿಯಲ್ಲಿದೆ’ ಎಂಬ ಒಂದಂಕದ ಉತ್ತರಕ್ಕೆ ಮುಗಿಯುತ್ತದೆ. ಅದು ಯಾಕೆ ದೊಡ್ಡ ಸಂಗತಿ ಎಂಬುದು ಮಕ್ಕಳಿಗೆ ಮುಟ್ಟುವುದಿಲ್ಲ.

ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಓದಿದಾಗ ಸಿಕ್ಕದ್ದು ‘ಪಿಯದಸಿ’ ಎಂಬ ಬಿರುದು. ಆ ಬಿರುದಿನ ರಾಜ ಅಶೋಕನೇ ಎಂದು ಶ್ರೀಲಂಕಾದ ಪಾಲಿ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಕಲ್ಲಿನ ಮೇಲೆ ಹೆಸರೇ ಸಿಕ್ಕಿ ಆ ಮಾತು ಗಟ್ಟಿಯಾದದ್ದು ಮಸ್ಕಿಯಿಂದ. ಈ ಕ್ರಮದಲ್ಲೇ ಪಾಠ ರೂಪಿಸಿ: ಮೊದಲು ಬಿರುದು ಮಾತ್ರ ಕೊಟ್ಟು ‘ಇವನು ಯಾರು, ಹೇಗೆ ಹೇಳುತ್ತೀರಿ?’ ಎಂದು ಕೇಳಿ. ಆಮೇಲೆ ಗ್ರಂಥದ ಸುಳಿವು. ಕೊನೆಗೆ ಬ್ರಾಹ್ಮಿ ಅಕ್ಷರಪಟ್ಟಿಯ ಜೊತೆ ‘ಅಸೋಕಸ’ ಎಂಬ ನಾಲ್ಕೇ ಅಕ್ಷರ. ‘ಕ’ ಕೂಡಿಸುವ ಚಿಹ್ನೆಯ ಹಾಗೆಯೇ ಇರುತ್ತದೆ, ಮೊದಲು ಅದು ಸಿಗುತ್ತದೆ. ‘ಸೋ’ ಮತ್ತು ‘ಸ’ ಒಂದೇ ಆಕಾರ, ಒಂದಕ್ಕೆ ಸ್ವರದ ಗೆರೆ ಇದೆ ಎಂದು ಮಕ್ಕಳೇ ಹಿಡಿಯುತ್ತಾರೆ. ಇದಕ್ಕೆ ಶಿಕ್ಷಕರು ಆ ನಾಲ್ಕು ಅಕ್ಷರಗಳನ್ನು ಕೈಯಿಂದ ಬರೆದು ರೂಢಿ ಮಾಡಿಕೊಂಡಿರಬೇಕು. ಸಭೆಯ ಅರ್ಧ ತಾಸು ಅದಕ್ಕೆ ಇಡಿ.

ಶಿಕ್ಷಕ ಶಿಕ್ಷಣ ಉಪನ್ಯಾಸಕಿ, ರಾಯಚೂರು

ಇಲ್ಲಿವರೆಗೆ ಬಂದದ್ದೆಲ್ಲ ಪಾಠಕ್ಕೆ ಮುಂಚಿನದು. ರೂಪಿಸಿದ ಪಾಠವನ್ನು ಒಂದು ಶಾಲೆಯಲ್ಲಿ ಮಾಡಿ, ನೋಡಿ, ತಿದ್ದಿ, ಇನ್ನೊಂದು ಶಾಲೆಯಲ್ಲಿ ಮತ್ತೆ ಮಾಡದಿದ್ದರೆ ಸಭೆ ಸಭೆಯಾಗಿಯೇ ಉಳಿಯುತ್ತದೆ. ಜಪಾನಿನ ಶಾಲೆಗಳಲ್ಲಿ ನೂರು ವರ್ಷಕ್ಕೂ ಮಿಕ್ಕಿ ಹೀಗೇ ನಡೆದುಬಂದಿದೆ.

ನೋಡುವವರು ಮೂರು ಜನ ಸಾಕು. ಹಿಂದಿನ ಬೆಂಚಿನಲ್ಲಿ ಕೂತರೆ ಮಕ್ಕಳ ಬೆನ್ನು ಕಾಣುತ್ತದೆ. ಪಕ್ಕದ ಗೋಡೆಗೆ ನಿಲ್ಲಿ, ಮುಖ ಮತ್ತು ನೋಟ್‌ಬುಕ್ ಎರಡೂ ಕಾಣಲಿ. ಶಿಕ್ಷಕರನ್ನು ನೋಡಬೇಡಿ. ಪ್ರತಿಯೊಬ್ಬರೂ ನಾಲ್ಕು ಮಕ್ಕಳನ್ನು ಗೊತ್ತು ಮಾಡಿಕೊಂಡು, ಆ ಮಕ್ಕಳು ಏನು ಬರೆದರು, ಎಲ್ಲಿ ಅಳಿಸಿದರು, ಪಕ್ಕದವರದ್ದು ಯಾವಾಗ ನೋಡಿದರು ಎಂದು ನಿಮಿಷದ ಸಮೇತ ಬರೆದುಕೊಳ್ಳಿ. ಒಬ್ಬರ ಕೈಯಲ್ಲಿ ಬೆಂಚುಗಳ ನಕ್ಷೆ ಇರಲಿ. ಪ್ರಶ್ನೆ ಯಾವ ಮಗುವಿಗೆ ಹೋಯಿತೋ ಅಲ್ಲೊಂದು ಗೀಟು. ಅವಧಿ ಮುಗಿದಾಗ ಹುಡುಗಿಯರ ಸಾಲು, ಕಿಟಕಿಯ ಕಡೆಯ ಕೊನೆಯ ಬೆಂಚು ಖಾಲಿ ಉಳಿದಿದೆಯೇ ಎಂಬುದು ತಾನೇ ಕಾಣುತ್ತದೆ.

ಇನ್ನೊಬ್ಬರು ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಕಾದರು ಎಂದು ಎಣಿಸಲಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು, ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡಿದರು. ಮಗು ಉತ್ತರಿಸಿದ ಮೇಲೂ ಅಷ್ಟೇ ಕಾಯಬೇಕು, ತಕ್ಷಣ ‘ಗುಡ್’ ಅಂದರೆ ಉಳಿದವರ ಯೋಚನೆ ಅಲ್ಲಿಗೇ ನಿಲ್ಲುತ್ತದೆ.

ಚರ್ಚೆ ಅದೇ ದಿನ, ಅರ್ಧ ತಾಸು. ಪಾಠ ಮಾಡಿದವರು ಮೊದಲು ಮಾತಾಡಲಿ. ಉಳಿದವರು ಕಂಡದ್ದನ್ನು ಮಾತ್ರ ಹೇಳಲಿ: ‘ಎರಡನೇ ಬೆಂಚಿನ ಹುಡುಗಿ ಎ² + 9 ಬರೆದಳು, 1 ಹಾಕಿ ನೋಡಿದಳು, 10 ಬಂತು, ಎಡಗಡೆ ಲೆಕ್ಕ ಹಾಕದೆ ಬಿಟ್ಟಳು.’ ಇಷ್ಟರಿಂದ ಎರಡೂ ಕಡೆ ಲೆಕ್ಕ ಮಾಡಿಸುವ ಒಂದು ಕೋಷ್ಟಕ ಪಾಠಕ್ಕೆ ಸೇರಬೇಕು ಎಂಬ ತಿದ್ದುಪಡಿ ಹೊರಡುತ್ತದೆ. ‘ಪಾಠ ಚೆನ್ನಾಗಿತ್ತು’, ‘ತರಗತಿ ನಿಯಂತ್ರಣ ಸಾಲದು’ ಎಂಬಂಥ ಮಾತಿನಿಂದ ಏನೂ ಹೊರಡುವುದಿಲ್ಲ. ಈ ಟಿಪ್ಪಣಿ ಯಾವ ತಪಾಸಣೆ ಕಡತಕ್ಕೂ ಹೋಗಬಾರದು. ಹೋದ ದಿನದಿಂದ ಎಲ್ಲರೂ ಮೊದಲೇ ಮಕ್ಕಳಿಗೆ ಉತ್ತರ ಕಲಿಸಿದ ಪಾಠವನ್ನೇ ತೋರಿಸುತ್ತಾರೆ.

ಇಂಗ್ಲಿಷ್ ಶಿಕ್ಷಕ, ಬಳ್ಳಾರಿ

ಒಂದು ಸೇರಿಸುತ್ತೇನೆ. ಗಡಿ ಊರುಗಳಲ್ಲಿ ಮನೆಯಲ್ಲಿ ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ಪುಸ್ತಕ ಒಮ್ಮೊಮ್ಮೆ ಇಂಗ್ಲಿಷ್. ಲೆಕ್ಕ ಬರುತ್ತಿಲ್ಲ ಎಂದು ಕಂಡದ್ದು ಎಷ್ಟೋ ಸಲ ವಾಕ್ಯ ಓದುವ ತೊಡಕು. ಈ ಲೆಕ್ಕ 6ನೇ ತರಗತಿಗೆ ಕೊಡಿ: ‘ಸೀಮಾಳ ಬಳಿ 12 ಪೆನ್ಸಿಲ್ ಇವೆ. ಅದು ರವಿಯ ಬಳಿ ಇರುವುದಕ್ಕಿಂತ 5 ಹೆಚ್ಚು. ರವಿಯ ಬಳಿ ಎಷ್ಟು?’ 17 ಎಂದು ಬರೆದವರು ಕೂಡುವುದರಲ್ಲಿ ತಪ್ಪಿಲ್ಲ, ‘ಹೆಚ್ಚು’ ಕಂಡ ಕೂಡಲೇ ಕೂಡಿದ್ದಾರೆ. ‘ಹೆಚ್ಚು ಅಂದ್ರೆ ಕೂಡು, ಕಡಿಮೆ ಅಂದ್ರೆ ಕಳೆ’ ಎಂಬ ಗುರುತಿನ ಶಬ್ದದ ಪಟ್ಟಿ ಗೋಡೆಯ ಮೇಲಿದ್ದರೆ ಇಳಿಸಿ. ಯಾರ ಬಳಿ ಜಾಸ್ತಿ ಇದೆ ಎಂದು ಮೊದಲು ಹೇಳಿಸಿ, ಎರಡು ಪಟ್ಟಿ ಎಳೆಸಿ, ಆಮೇಲೆ ಸಂಖ್ಯೆ. ಭಾಷಾ ಶಿಕ್ಷಕರನ್ನೂ ವರ್ಷಕ್ಕೆ ಎರಡು ಸಲವಾದರೂ ಗಣಿತದ ಮೇಜಿಗೆ ಕರೆಯಿರಿ.

ಗಣಿತ ಶಿಕ್ಷಕ, ಲಿಂಗಸೂಗೂರು ತಾಲ್ಲೂಕು

ಎಲ್ಲರಿಗೂ ಧನ್ಯವಾದ. ಮೊದಲ ಸಭೆಗೆ (ಎ + 3)² ಪ್ರಶ್ನೆ, ವಿಜ್ಞಾನದವರಿಗೆ ಬಲ್ಬ್ ಎಂದು ಗೊತ್ತುಮಾಡಿದ್ದೇವೆ. ಸಮಾಜ ವಿಜ್ಞಾನದವರು ಮಸ್ಕಿ ಪಾಠ ತೆಗೆದುಕೊಳ್ಳುತ್ತಾರೆ. ಒಂದು ಸಂದೇಹ ಉಳಿದಿದೆ. ಸರ್ಕಾರದ ದೀಕ್ಷಾ ಕಲಿಕಾ ತಾಣದಲ್ಲಿ ಶಿಕ್ಷಕರ ತರಬೇತಿಯ ನಿಷ್ಠಾ ಕೋರ್ಸುಗಳೂ ಇವೆಯಲ್ಲ, ಅವನ್ನು ಈ ಸಭೆಗೆ ಜೋಡಿಸಬಹುದೇ? ನೆಟ್‌ವರ್ಕ್ ನೆಚ್ಚುವಂತಿಲ್ಲ.

ವಿಜ್ಞಾನ ಶಿಕ್ಷಕಿ, ಗಂಗಾವತಿ

ಜೋಡಿಸಬಹುದು, ಇಡೀ ಕೋರ್ಸ್ ಬೇಡ. ಸಭೆಯ ಪಾಠಕ್ಕೆ ಹೊಂದುವ ಒಂದು ವಿಡಿಯೊ ಮಾತ್ರ ಆರಿಸಿ, ಸಿಗ್ನಲ್ ಇರುವ ಕಡೆ ಒಬ್ಬರು ಮೊದಲೇ ಇಳಿಸಿಕೊಂಡು ಬರಲಿ. ಐದು ನಿಮಿಷ ಓಡಿಸಿ ನಿಲ್ಲಿಸಿ, ‘ನಮ್ಮ ತರಗತಿಯಲ್ಲಿ ಇದು ಎಲ್ಲಿ ಮುರಿಯುತ್ತದೆ?’ ಎಂದು ಕೇಳಿ. ಪ್ರಮಾಣಪತ್ರಕ್ಕಾಗಿ ಕೋರ್ಸ್ ಮುಗಿಸುವುದನ್ನು ಅವರವರ ಮನೆಗೆ ಬಿಡಿ. ಗಣಿತದ ಚಿತ್ರ ಎಳೆಯುವ ಜಿಯೋಜೀಬ್ರಾ ತಂತ್ರಾಂಶವನ್ನು ಒಮ್ಮೆ ಅಳವಡಿಸಿದರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಎ + 3 ಬಾಹುವಿನ ಚೌಕವನ್ನು ಅದರಲ್ಲಿ ಎಳೆದು ಎ ಬದಲಾಯಿಸುತ್ತ ತೋರಿಸಬಹುದು. ಹಾಳೆ ಕತ್ತರಿಸಿದ ಮೇಲೆ ಇದನ್ನು ಮಾಡಿ, ಮೊದಲೇ ಬೇಡ.

ಇನ್ನು ಬಲ್ಬ್ ಕೊಳ್ಳಲು ಹೋದಾಗ ಒಂದೇ ಪೆಟ್ಟಿಗೆಯಿಂದ ತೆಗೆದುಕೊಂಡು, ಅಂಗಡಿಯಲ್ಲೇ ಎರಡೆರಡನ್ನು ಸರಣಿಯಲ್ಲಿ ಹೊತ್ತಿಸಿ ನೋಡಿ. ಸೆಲ್ ಮಾತ್ರ ಸಭೆಯ ಹಿಂದಿನ ದಿನ ತನ್ನಿ.